ಮ್ಯಾಚ್ ಪಟ್ಟಿಯಲ್ಲಿ ಮೊದಲ ಹೆಸರು ಯಾವುದಾಗಬೇಕು?

ಪ್ರಶ್ನೆ: ಬೆಂಗಳೂರಿನ ಸರ್ಕಾರಿ ಕಾಲೇಜೊಂದರಲ್ಲಿ ಎಂಬಿಬಿಎಸ್ ಮುಗಿಸಿದ್ದೇನೆ. ಯುಎಸ್ಎಂಎಲ್ಇ (ಅಮೆರಿಕದ ವೈದ್ಯಕೀಯ ಪರವಾನಗಿ) ಪರೀಕ್ಷೆಗಳಾಗಿವೆ. ಅಮೆರಿಕದ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿನ ಸ್ನಾತಕೋತ್ತರ ತರಬೇತಿಗೆ) ಎಂಟು ಸಂದರ್ಶನಗಳು ಬಂದವು. ಎಲ್ಲವನ್ನೂ ಬಸವನಗುಡಿಯ ನಮ್ಮ ಮನೆಯಿಂದಲೇ ವಿಡಿಯೊ ಮೂಲಕ ಮುಗಿಸಿದ್ದೇನೆ. ಈಗ ರ‍್ಯಾಂಕ್ ಪಟ್ಟಿ ಸಲ್ಲಿಸಬೇಕು. ಅಭ್ಯರ್ಥಿಗಳೂ ಆಸ್ಪತ್ರೆಗಳೂ ಇಷ್ಟದ ಕ್ರಮದಲ್ಲಿ ಕೊಟ್ಟ ಪಟ್ಟಿಗಳನ್ನು ಕಂಪ್ಯೂಟರ್ ಹೊಂದಿಸಿ ಸೀಟು ಹಂಚುವ ಈ ವ್ಯವಸ್ಥೆಗೆ ಅಲ್ಲಿ 'ಮ್ಯಾಚ್' ಎನ್ನುತ್ತಾರೆ. ಷಿಕಾಗೊದಿಂದ ಮೂರು ಗಂಟೆ ದೂರದ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆ ನನಗೆ ಬಹಳ ಇಷ್ಟವಾಯಿತು, ಆದರೆ ಅಲ್ಲಿ ಸಿಗುವ ಭರವಸೆ ಇಲ್ಲ. ನ್ಯೂಜೆರ್ಸಿಯ ಸಮುದಾಯ (ವಿಶ್ವವಿದ್ಯಾಲಯಕ್ಕೆ ಸೇರದ ಸ್ಥಳೀಯ) ಆಸ್ಪತ್ರೆಯೊಂದರ ನಿರ್ದೇಶಕರು 'ನಮ್ಮ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲಿರುತ್ತದೆ' ಎಂದು ಇಮೇಲ್ ಕಳುಹಿಸಿದ್ದಾರೆ. ಚಿಕ್ಕಪ್ಪನ ಮನೆಯೂ ಅದೇ ಊರಿನಲ್ಲಿದೆ. ಸಿಇಟಿ ಕಾಲದಿಂದ ಹೇಳುತ್ತಿರುವಂತೆ ಅಪ್ಪ ಈಗಲೂ 'ಸಿಗುವುದನ್ನು ಮೊದಲು ಬರೆ' ಎನ್ನುತ್ತಾರೆ. ಎಂಟರಲ್ಲಿ ಒಂದು ಕೇವಲ ಒಂದು ವರ್ಷದ ಪ್ರಿಲಿಮಿನರಿ ಸೀಟು. ಇನ್ನೊಂದು ಕಡೆ ಅಲ್ಲಿನ ರೆಸಿಡೆಂಟ್‌ಗಳೇ ಒಳ್ಳೆಯ ಮಾತಾಡಲಿಲ್ಲ. ಮುಂದೆ ಹೃದ್ರೋಗದಲ್ಲಿ ಫೆಲೋಶಿಪ್ (ರೆಸಿಡೆನ್ಸಿಯ ನಂತರದ ವಿಶೇಷ ತರಬೇತಿ) ಮಾಡುವ ಆಸೆಯಿದೆ. ಕೊನೆಗೆ ಬೆಂಗಳೂರಿಗೆ ಮರಳುವ ಮನಸ್ಸೂ ಇದೆ, ಖಚಿತವಾಗಿ ಹೇಳಲಾರೆ. ಪಟ್ಟಿಯನ್ನು ಹೇಗೆ ಜೋಡಿಸಲಿ?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಇಲ್ಲಿಂದ ಹೋಗುವ ಮಕ್ಕಳ ಪಟ್ಟಿ ಹೆಚ್ಚಾಗಿ ಕೆಡುವುದು ಆ ಒಂದು ಸಲಹೆಯಿಂದ. 'ಸಿಗುವುದನ್ನು ಮೊದಲು ಬರೆ' ಎಂಬುದು ಸಿಇಟಿಯಲ್ಲೂ ಸರಿಯಾದ ಮಾತಲ್ಲ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ನೀವು ಬರೆದ ಕ್ರಮದಲ್ಲೇ ಒಂದೊಂದು ಆಯ್ಕೆಯನ್ನು ನೋಡುತ್ತದೆ. ಮೊದಲನೆಯದು ಖಾಲಿ ಇಲ್ಲದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ದೊಡ್ಡ ಕಾಲೇಜಿನ ಹೆಸರು ಮೇಲೆ ಬರೆದಿದ್ದೀರಿ ಎಂಬ ಕಾರಣಕ್ಕೆ ಕೆಳಗಿನ ಕಾಲೇಜು ತಪ್ಪಿಹೋಗುವುದಿಲ್ಲ.

ಮ್ಯಾಚ್‌ನಲ್ಲಿ ಆಸ್ಪತ್ರೆಗಳೂ ತಮ್ಮದೇ ಪಟ್ಟಿ ಕೊಡುತ್ತವೆ, ಹಾಗಾಗಿ ಅದು ಇದಕ್ಕಿಂತ ಸ್ವಲ್ಪ ಜಟಿಲ. ಆದರೆ ಈ ವಿಷಯದಲ್ಲಿ ಫಲ ಒಂದೇ. ನಿಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ನೀವು ವಿಶ್ವವಿದ್ಯಾಲಯದ ಆಸ್ಪತ್ರೆಯನ್ನು ಮೊದಲು, ನ್ಯೂಜೆರ್ಸಿಯನ್ನು ಎರಡನೆಯದಾಗಿ ಬರೆದಿದ್ದೀರಿ ಎನ್ನಿ. ಕಂಪ್ಯೂಟರ್ ಮೊದಲು ನಿಮ್ಮನ್ನು ವಿಶ್ವವಿದ್ಯಾಲಯದ ಬಾಗಿಲಿಗೆ ಒಯ್ಯುತ್ತದೆ. ಅಲ್ಲಿನ ಸೀಟುಗಳಲ್ಲಿ ಆಸ್ಪತ್ರೆ ನಿಮಗಿಂತ ಹೆಚ್ಚು ಬಯಸಿದವರೇ ತುಂಬಿದ್ದಾರೆ. ಆಗ ನಿಮ್ಮನ್ನು ನ್ಯೂಜೆರ್ಸಿಗೆ ಕರೆತರುತ್ತದೆ. ಅಲ್ಲಿ ಹತ್ತು ಸೀಟುಗಳಿವೆ, ಹತ್ತರಲ್ಲೂ ಆಗಲೇ ಜನ ಕುಳಿತಿದ್ದಾರೆ. ಆದರೆ ಯಾರೂ ಖಾಯಂ ಆಗಿ ಕುಳಿತಿಲ್ಲ, ಎಲ್ಲರದೂ ತಾತ್ಕಾಲಿಕ ಜಾಗ. ಆ ಆಸ್ಪತ್ರೆ ನಿಮ್ಮನ್ನು ಆರನೆಯವರಾಗಿ ಬರೆದಿದ್ದರೆ, ಕುಳಿತವರಲ್ಲಿ ಅದರ ಪಟ್ಟಿಯ ತೀರಾ ಕೆಳಗಿರುವ ಅಭ್ಯರ್ಥಿ ಎದ್ದು ತಮ್ಮ ಮುಂದಿನ ಆಯ್ಕೆಗೆ ಹೋಗುತ್ತಾರೆ, ಆ ಜಾಗ ನಿಮ್ಮದಾಗುತ್ತದೆ. ಕೊನೆಯ ಅಭ್ಯರ್ಥಿಯ ಸರದಿ ಮುಗಿಯುವವರೆಗೆ ಯಾವ ಸೀಟೂ ಅಂತಿಮವಲ್ಲ. ಹೀಗಾಗಿ ನ್ಯೂಜೆರ್ಸಿಗೆ ತಡವಾಗಿ ಬಂದದ್ದರಿಂದ ನಿಮಗೆ ಎಳ್ಳಷ್ಟೂ ನಷ್ಟವಿಲ್ಲ. ನೀವು ಅವರನ್ನು ಎರಡನೆಯದಾಗಿ ಬರೆದಿರಿ ಎಂಬುದು ಅವರಿಗೆ ತಿಳಿಯುವುದೂ ಇಲ್ಲ, ಏಕೆಂದರೆ ಅಭ್ಯರ್ಥಿಯ ಪಟ್ಟಿಯನ್ನು ಆಸ್ಪತ್ರೆಗಳಿಗೆ ತೋರಿಸುವುದಿಲ್ಲ.

ತಂದೆಯವರ ಭಯ ಆಧಾರವಿಲ್ಲದ್ದೇನಲ್ಲ. ಈ ವ್ಯವಸ್ಥೆಯ ಮೊದಲ ಕರಡಿನಲ್ಲಿ ಅದೇ ದೋಷವಿತ್ತು. 1950ರ ದಶಕದ ಆರಂಭದಲ್ಲಿ ರಾಷ್ಟ್ರಮಟ್ಟದ ಹಂಚಿಕೆಗೆ ಮುಂದಿಟ್ಟ ವಿಧಾನದಲ್ಲಿ, ಕೈಗೆಟುಕದ ಆಸ್ಪತ್ರೆಯನ್ನು ಮೊದಲು ಬರೆದವನು ಎರಡನೆಯದನ್ನೂ ಕಳೆದುಕೊಳ್ಳುವ ಅಪಾಯವಿತ್ತು. ವೈದ್ಯ ವಿದ್ಯಾರ್ಥಿಗಳೇ ಅದನ್ನು ಪತ್ತೆಹಚ್ಚಿ ಪ್ರತಿಭಟಿಸಿದರು. ಮುಂದಾಳಾಗಿದ್ದವರು ಆಗ ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದ, ಮುಂದೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಹೆಸರು ಮಾಡಿದ ಹಾರ್ಡಿ ಹೆಂಡ್ರೆನ್. ವಿಧಾನ ಬದಲಾಯಿತು, 1952ರ ಮೊದಲ ಮ್ಯಾಚ್ ತಿದ್ದಿದ ರೂಪದಲ್ಲೇ ನಡೆಯಿತು. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಇಂಥ ಹೊಂದಾಣಿಕೆಯ ಗಣಿತವನ್ನು ಪ್ರಕಟಿಸಿದರು. ಬಳಿಕ ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ಮ್ಯಾಚ್‌ನ ಲೆಕ್ಕವನ್ನು ಅಭ್ಯರ್ಥಿಯ ಕಡೆಯಿಂದ ಶುರುವಾಗುವಂತೆ ಮತ್ತೆ ಬರೆದರು. 1998ರಿಂದ ಬಳಕೆಯಲ್ಲಿರುವುದು ಅದೇ. ರಾತ್ ಮತ್ತು ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮನೆಯಲ್ಲಿ ಇದನ್ನು ವಿವರಿಸಿ. ನಿಮ್ಮ ಒಳಿತನ್ನು ಬಯಸುವ ತಂದೆಗೆ 'ನಿಮಗೆ ಗೊತ್ತಾಗುವುದಿಲ್ಲ' ಎನ್ನುವುದಕ್ಕಿಂತ ಲೆಕ್ಕ ತೋರಿಸುವುದು ಮೇಲು.

ಹಾಗಾದರೆ ಪಟ್ಟಿಯ ನಿಯಮ ಒಂದೇ: ಎಲ್ಲಿ ಓದಲು ನಿಮಗೆ ಹೆಚ್ಚು ಇಷ್ಟವೋ ಅದು ಮೇಲೆ. ಅವರು ನಿಮ್ಮನ್ನು ತೆಗೆದುಕೊಳ್ಳುತ್ತಾರೆಯೇ ಎಂಬ ಊಹೆಗೆ ಅದರಲ್ಲಿ ಜಾಗವಿಲ್ಲ.

ಇಮೇಲ್ ವಿಷಯಕ್ಕೂ ಇದೇ ಉತ್ತರ. ಮ್ಯಾಚ್ ನಡೆಸುವ ಎನ್ಆರ್‌ಎಂಪಿ ನಿಯಮದ ಪ್ರಕಾರ ಆಸ್ಪತ್ರೆಯಾಗಲಿ ಅಭ್ಯರ್ಥಿಯಾಗಲಿ ಒಲವನ್ನು ತಾವಾಗಿ ತಿಳಿಸಬಹುದು. 'ನಮ್ಮನ್ನು ಎಷ್ಟನೆಯದಾಗಿ ಬರೆಯುತ್ತೀರಿ' ಎಂದು ಒತ್ತಾಯಿಸಿ ಕೇಳುವಂತಿಲ್ಲ. ತಿಳಿಸಿದ ಒಲವಿಗೆ ಯಾವ ಬದ್ಧತೆಯೂ ಇಲ್ಲ. 'ಮೇಲಿರುತ್ತದೆ' ಎಂಬ ಮಾತು ಹತ್ತು ಸೀಟಿಗೆ ಎಂಟನೆಯ ಸ್ಥಾನವೂ ಇರಬಹುದು, ನಲವತ್ತನೆಯದೂ ಇರಬಹುದು, ಅದೇ ಪತ್ರ ಹಲವರಿಗೆ ಹೋಗಿರಲೂಬಹುದು. ಕೃತಜ್ಞತೆಯಿಂದ ಎರಡು ಸಾಲು ಉತ್ತರ ಬರೆಯಿರಿ. ವಿಶ್ವವಿದ್ಯಾಲಯದ ಆಸ್ಪತ್ರೆ ನಿಜವಾಗಿಯೂ ನಿಮ್ಮ ಮೊದಲ ಆಯ್ಕೆಯಾದರೆ ಅವರಿಗೆ ಹಾಗೆಂದು ಬರೆಯಿರಿ. ಅದನ್ನು ಒಂದೇ ಕಡೆಗೆ ಬರೆಯಿರಿ, ಇಬ್ಬರಿಗೆ 'ನೀವೇ ಮೊದಲು' ಎನ್ನುವುದು ವೈದ್ಯರಿಗೆ ಒಪ್ಪುವ ನಡತೆಯಲ್ಲ.

ಈಗ ಕಷ್ಟದ ಭಾಗಕ್ಕೆ ಬರೋಣ. ನಿಮಗೆ ನಿಜವಾಗಿ ಏನು ಇಷ್ಟ?

ವೀಸಾದಿಂದ ಹೊರಡೋಣ, ಏಕೆಂದರೆ ಉಳಿದ ಎಷ್ಟೋ ಪ್ರಶ್ನೆಗಳು ಅದಕ್ಕೆ ಜೋತುಬಿದ್ದಿವೆ. ನಿಮ್ಮ ಎಂಟು ಕಡೆಗಳಲ್ಲಿ ಯಾವುದು ಜೆ-1 (ತರಬೇತಿಗೆ ಬರುವವರ ವಿನಿಮಯ ವೀಸಾ) ಮಾತ್ರ ಕೊಡುತ್ತದೆ, ಯಾವುದು ಎಚ್-1ಬಿ (ಉದ್ಯೋಗ ವೀಸಾ) ಕೂಡ ಕೊಡುತ್ತದೆ ಎಂದು ಈ ವರ್ಷದ ಮಟ್ಟಿಗೆ ಕಚೇರಿಗೇ ಬರೆದು ಕೇಳಿ. ವೆಬ್‌ಸೈಟಿನಲ್ಲಿರುವುದು ಹಳೆಯದಾಗಿರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಅಧ್ಯಕ್ಷರ ಆದೇಶ, ಅಮೆರಿಕದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಪಾವತಿಯನ್ನು ಹೇರಿದ ಮೇಲಂತೂ, 'ಎಚ್-1ಬಿ ಕೊಡುತ್ತೇವೆ' ಎಂಬ ಹಳೆಯ ಮಾತನ್ನು ನೆಚ್ಚಿ ಒಂದು ಆಸ್ಪತ್ರೆಯನ್ನು ಮೇಲಕ್ಕೆ ತರಬೇಡಿ. ಎಚ್-1ಬಿಗೆ ಯುಎಸ್ಎಂಎಲ್ಇಯ ಕೊನೆಯ ಹಂತವಾದ ಸ್ಟೆಪ್ 3 ಮೊದಲೇ ಪಾಸಾಗಿರಬೇಕು ಎಂಬುದು ನಿಮಗೆ ಗೊತ್ತೇ ಇದೆ.

ಜೆ-1 ಎಂದರೆ ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು ಎಂಬ ಷರತ್ತೇ ಅದಕ್ಕೆ ಕಾರಣ. ಅಲ್ಲೇ ಉಳಿಯಬಯಸುವವರು ಸಾಮಾನ್ಯವಾಗಿ ಕಾನ್ರಾಡ್ 30 ಯೋಜನೆಯಡಿ, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿದು ವಿನಾಯಿತಿ ಪಡೆಯುತ್ತಾರೆ. ಒಂದೊಂದು ರಾಜ್ಯಕ್ಕೂ ವರ್ಷಕ್ಕೆ ಅಂಥ 30 ಅವಕಾಶಗಳಿವೆ. ನಿಮಗಾದರೋ ಬೆಂಗಳೂರಿಗೆ ಮರಳುವ ಮನಸ್ಸಿದೆ. ಹಾಗಿದ್ದಲ್ಲಿ ಆ ಎರಡು ವರ್ಷದ ಷರತ್ತು ನಿಮಗೆ ಹೊರೆಯೇ ಅಲ್ಲ. ಅಮೆರಿಕದಲ್ಲಿ ಪಡೆದ, ಅಲ್ಲಿ ಮಾನ್ಯವಾದ ಸ್ನಾತಕೋತ್ತರ ಅರ್ಹತೆಯನ್ನು 2008ರ ಅಧಿಸೂಚನೆಯ ಪ್ರಕಾರ ಭಾರತವೂ ಮಾನ್ಯ ಮಾಡುತ್ತದೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳೂ ಆ ಪಟ್ಟಿಯಲ್ಲಿವೆ. ಇನ್ನೊಂದು ಲೆಕ್ಕವನ್ನೂ ಮಾಡಿ. ಮೆಡಿಸಿನ್ ಮೂರು ವರ್ಷ, ಹೃದ್ರೋಗ ಮೂರು ವರ್ಷ, ಒಟ್ಟು ಆರು. ಎಚ್-1ಬಿಯ ಸಾಮಾನ್ಯ ಗರಿಷ್ಠ ಅವಧಿಯೂ ಆರೇ ವರ್ಷ, ಒಂದು ದಿನದ ಬಿಡುವೂ ಉಳಿಯುವುದಿಲ್ಲ. ಜೆ-1ರಲ್ಲಿ ವೈದ್ಯರಿಗೆ ಸಾಮಾನ್ಯವಾಗಿ ಏಳು ವರ್ಷಗಳವರೆಗೆ ಅವಕಾಶವಿದೆ. ಆದ್ದರಿಂದ ನಿಮ್ಮ ವಿಷಯದಲ್ಲಿ 'ಜೆ-1 ಮಾತ್ರ' ಎಂಬ ಕಾರಣಕ್ಕೆ ಯಾವ ಆಸ್ಪತ್ರೆಯನ್ನೂ ನಾನು ಕೆಳಗಿಳಿಸುವುದಿಲ್ಲ.

ಫೆಲೋಶಿಪ್ ಆಸೆ ನಿಜವಾದದ್ದೇ ಎಂದು ನಿಮ್ಮನ್ನು ನೀವು ಒಮ್ಮೆ ಕೇಳಿಕೊಳ್ಳಿ. ಹೃದ್ರೋಗ ಎಂದು ಹೇಳುವುದು ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿಬಿಟ್ಟಿದೆ. ನಿಜವಾದದ್ದಾದರೆ ಅದಕ್ಕೆ ಬಹಳ ತೂಕ ಕೊಡಿ. ಆ ಸೀಟುಗಳಿಗೆ ಮತ್ತೊಂದು ಮ್ಯಾಚ್ ಇದೆ. ಅಲ್ಲಿ ನೀವು ಎಲ್ಲಿ ಮೆಡಿಸಿನ್ ಮಾಡಿದಿರಿ, ಯಾರ ಶಿಫಾರಸು ಪತ್ರ ತಂದಿರಿ ಎಂಬುದು ಗಣನೆಗೆ ಬರುತ್ತದೆ. ಎಲ್ಲ ಆಸ್ಪತ್ರೆಗಳೂ 'ನಮ್ಮವರು ಇಲ್ಲಿಲ್ಲಿಗೆ ಹೋದರು' ಎಂಬ ಪಟ್ಟಿ ತೋರಿಸುತ್ತವೆ. ಅದರಲ್ಲಿ ನೋಡಬೇಕಾದದ್ದು ದೊಡ್ಡ ಹೆಸರುಗಳನ್ನಲ್ಲ. ವೀಸಾ ಬೇಕಿದ್ದ, ಹೊರದೇಶದಲ್ಲಿ ಓದಿದ ರೆಸಿಡೆಂಟ್‌ಗಳಲ್ಲಿ ಎಷ್ಟು ಜನ ಹೃದ್ರೋಗಕ್ಕೆ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸಿಕ್ಕಿತು ಎಂದು ಕೇಳಿ. ಆಸ್ಪತ್ರೆಯೊಳಗೇ ಹೃದ್ರೋಗ ಫೆಲೋಶಿಪ್ ಇದ್ದರೆ ಅದು ದೊಡ್ಡ ಅನುಕೂಲ. ಹೃದ್ರೋಗ ತಜ್ಞರ ಜೊತೆ ದಿನನಿತ್ಯ ಕೆಲಸ ಮಾಡಿ, ಅವರ ಕಣ್ಣೆದುರೇ ನಿಮ್ಮ ಕೆಲಸ ತೋರಿಸಬಹುದು. ಸಮುದಾಯ ಆಸ್ಪತ್ರೆ ಎಂದ ಮಾತ್ರಕ್ಕೆ ಕಡಿಮೆಯೆಂದು ತಿಳಿಯಬೇಡಿ. ಕೆಲವು ಸಮುದಾಯ ಆಸ್ಪತ್ರೆಗಳಲ್ಲಿ ಒಳ್ಳೆಯ ಹೃದ್ರೋಗ ವಿಭಾಗವಿರುತ್ತದೆ, ಹಾಗೆಯೇ ವಿಶ್ವವಿದ್ಯಾಲಯದ ಹೆಸರು ಹೊತ್ತ ಕೆಲವು ಕಡೆ ಅದು ಹೆಸರಿಗಷ್ಟೇ ಇರುತ್ತದೆ.

ಸಾರ್ವಜನಿಕವಾಗಿ ಸಿಗುವ ಎರಡು ಮಾಹಿತಿಗಳನ್ನು ನಮ್ಮವರು ನೋಡುವುದೇ ಇಲ್ಲ. ತರಬೇತಿಗೆ ಮಾನ್ಯತೆ ಕೊಡುವ ಎಸಿಜಿಎಂಇ ಒಂದೊಂದು ಪ್ರೋಗ್ರಾಂನ ಮಾನ್ಯತೆಯ ಸ್ಥಿತಿಯನ್ನೂ ಪ್ರಕಟಿಸುತ್ತದೆ. ಎಚ್ಚರಿಕೆ ಪಡೆದದ್ದೇ, ನಿಗಾದಲ್ಲಿರುವುದೇ ಎಂದು ಅಲ್ಲೇ ತಿಳಿಯುತ್ತದೆ. ಇಂಟರ್ನಲ್ ಮೆಡಿಸಿನ್ ಬೋರ್ಡ್, ಒಂದೊಂದು ಪ್ರೋಗ್ರಾಂನಲ್ಲಿ ಕಲಿತವರು ಪ್ರಮಾಣೀಕರಣ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಮಾಣವನ್ನು ಮೂರು ವರ್ಷಗಳ ಲೆಕ್ಕದಲ್ಲಿ ಕೊಡುತ್ತದೆ. ಒಂದೆರಡು ಅಂಶದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ತೀರಾ ಕೆಳಗಿರುವುದು ಕಂಡರೆ ಮಾತ್ರ ಅಲ್ಲಿ ಓದಲು ಸಮಯ ಸಿಗುತ್ತಿಲ್ಲವೇ, ಕಲಿಸುವವರಿಲ್ಲವೇ ಎಂದು ವಿಚಾರಿಸಿ.

ಆಸ್ಪತ್ರೆಯ ಹಣಕಾಸಿನ ಸ್ಥಿತಿಯನ್ನೂ ಕಡೆಗಣಿಸಬೇಡಿ. 2019ರಲ್ಲಿ ಫಿಲಡೆಲ್ಫಿಯಾದ ಹಾನೆಮನ್ ಆಸ್ಪತ್ರೆ ದಿವಾಳಿಯಾಗಿ ಮುಚ್ಚಿದಾಗ 500ಕ್ಕೂ ಹೆಚ್ಚು ರೆಸಿಡೆಂಟ್ ಮತ್ತು ಫೆಲೋಗಳು ಬೇರೆ ಜಾಗ ಹುಡುಕಬೇಕಾಯಿತು. ವೀಸಾದ ಮೇಲಿದ್ದವರಿಗೆ ಅದು ಎರಡು ಪಟ್ಟು ಸಂಕಟ. ಊರಿನ ಪತ್ರಿಕೆಗಳಲ್ಲಿ ಆ ಆಸ್ಪತ್ರೆಯ ಹೆಸರು ಹುಡುಕಿ ನೋಡಲು ಅರ್ಧ ಗಂಟೆ ಸಾಕು.

ಕೆಲಸದ ಹೊರೆಯ ಬಗ್ಗೆ ಕಾಗದದ ಮೇಲಿನ ನಿಯಮ ಎಲ್ಲ ಕಡೆಯೂ ಒಂದೇ. ನಾಲ್ಕು ವಾರಗಳ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ ಮೀರಬಾರದು, ಏಳು ದಿನಕ್ಕೊಂದು ದಿನ ಬಿಡುವಿರಬೇಕು, ಮೊದಲ ವರ್ಷದವರು ಏಕಕಾಲಕ್ಕೆ ಹತ್ತಕ್ಕಿಂತ ಹೆಚ್ಚು ರೋಗಿಗಳ ಹೊಣೆ ಹೊರಬಾರದು. ವಿಕ್ಟೋರಿಯಾ, ಬೌರಿಂಗ್‌ನಂಥ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲು ಕಂಡ ನಿಮಗೆ ಹತ್ತು ಜನ ಎಂದರೆ ಏನೂ ಅಲ್ಲವೆನಿಸಬಹುದು. ಅಲ್ಲಿನ ಹತ್ತು ರೋಗಿಗಳ ಟಿಪ್ಪಣಿ, ವಿಮೆಯ ಒಪ್ಪಿಗೆ, ಮನೆಗೆ ಕಳುಹಿಸುವ ವ್ಯವಸ್ಥೆ, ಕುಟುಂಬದವರೊಂದಿಗಿನ ಮಾತುಕತೆ ಇವೆಲ್ಲ ಸೇರಿ ದಿನ ತುಂಬಿಹೋಗುತ್ತದೆ. ನಿಯಮ ಹೇಗೆ ಪಾಲನೆಯಾಗುತ್ತಿದೆ ಎಂಬುದನ್ನು ಅಲ್ಲಿರುವವರಿಂದಲೇ ತಿಳಿಯಬೇಕು. ಎರಡನೇ ವರ್ಷದಲ್ಲಿರುವ, ನಿಮ್ಮಂತೆಯೇ ಹೊರದೇಶದಲ್ಲಿ ಓದಿ ಬಂದ ಒಬ್ಬರ ನಂಬರ್ ಪಡೆದು ಫೋನ್ ಮಾಡಿ. 'ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತದೆ. ಬದಲಿಗೆ ಹೀಗೆ ಕೇಳಿ: ಕಳೆದ ವಾರ ನಿಮಗೆ ಯಾವ ದಿನ ರಜೆ ಇತ್ತು? ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ರೋಗಿಯ ರಕ್ತದೊತ್ತಡ ಕುಸಿದರೆ ಮೊದಲ ಕರೆ ಯಾರಿಗೆ, ಅವರು ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಮನೆಯಿಂದ ಬರುತ್ತಾರೆಯೇ? ಎರಡು ವರ್ಷಗಳಲ್ಲಿ ಮಧ್ಯದಲ್ಲೇ ಬಿಟ್ಟುಹೋದವರು ಯಾರಾದರೂ ಇದ್ದಾರೆಯೇ, ಏಕೆ? ಮಗು ಹುಟ್ಟಿದಾಗ, ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಆಸ್ಪತ್ರೆ ಹೇಗೆ ನಡೆದುಕೊಂಡಿತು? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೆತ್ತವರನ್ನು ಇಲ್ಲಿ ಬಿಟ್ಟು ಹೋಗುವ ನಿಮಗೆ ಅದರ ಉತ್ತರ ಒಂದು ದಿನ ಬೇಕಾಗಬಹುದು.

ಚಿಕ್ಕಪ್ಪನ ಮನೆ ಹತ್ತಿರವಿರುವುದು ಕಾರಣವಾಗಬಹುದೇ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದಲ್ಲಿ ಆ ಪ್ರಶ್ನೆ ಇದೆ. ಖಂಡಿತ ಆಗಬಹುದು. ರಾತ್ರಿ ಪಾಳಿಯ ವಾರ ಮುಗಿಸಿ ಬಂದಾಗ ಯಾರೋ ಬಡಿಸುವ ಬಿಸಿ ಸಾರು ಅನ್ನಕ್ಕೆ ಇರುವ ಬೆಲೆ, ಅದಿಲ್ಲದೆ ಮೂರು ವರ್ಷ ಕಳೆದವರಿಗೆ ಗೊತ್ತು. ನ್ಯೂಜೆರ್ಸಿಯಲ್ಲಿ ಕನ್ನಡ ಸಂಘವಿದೆ, ದೇವಸ್ಥಾನಗಳಿವೆ, ರೈಲು ಬಸ್ಸುಗಳಿವೆ. ಮಿಡ್‌ವೆಸ್ಟ್‌ನ ಚಿಕ್ಕ ಊರಿನಲ್ಲಿ ಜನವರಿಯ ಬೆಳಗಿನ ಐದೂವರೆಗೆ ಹಿಮದ ರಸ್ತೆಯಲ್ಲಿ ನೀವೇ ಕಾರು ಓಡಿಸಿಕೊಂಡು ಹೋಗಬೇಕು. ವಿದ್ಯಾರಣ್ಯ ಕನ್ನಡ ಕೂಟ ಷಿಕಾಗೊದಲ್ಲಿದೆ ನಿಜ, ಆದರೆ ಮೂರು ಗಂಟೆ ದೂರದಿಂದ ರಾಜ್ಯೋತ್ಸವಕ್ಕೆ ಹೋಗಲು ಬಿಡುವು ಸಿಗುವುದು ಅಪರೂಪ. ಇನ್ನೊಂದು ಕಡೆ, ಆ ಚಿಕ್ಕ ಊರಿನಲ್ಲಿ ಬಾಡಿಗೆ ಬಹಳ ಕಡಿಮೆ. ಮೊದಲ ವರ್ಷದ ರೆಸಿಡೆಂಟ್ ಸಂಬಳ ಸಾಮಾನ್ಯವಾಗಿ 60ರಿಂದ 80 ಸಾವಿರ ಡಾಲರ್ ಒಳಗೇ ಇರುತ್ತದೆ. ದುಬಾರಿ ಊರಿನಲ್ಲಿ ಅದರ ದೊಡ್ಡ ಪಾಲು ಮನೆಗೇ ಹೋಗುತ್ತದೆ. ಸಾಲ ಮಾಡಿ ಪರೀಕ್ಷೆ ಕಟ್ಟಿದ ಮನೆಯವರಾದರೆ ಇದನ್ನೂ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಹಿತಿ ಸೇರಿದ ಮೇಲೆ ಹಲವರು ಎಕ್ಸೆಲ್ ತೆರೆದು ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ನಾನು ಅದನ್ನು ಸಲಹೆ ಮಾಡುವುದಿಲ್ಲ. ಫೆಲೋಶಿಪ್‌ಗೆ 30 ಅಂಕ, ಊರಿಗೆ 10 ಅಂಕ ಎಂದು ನೀವೇ ಇಟ್ಟ ತೂಕಗಳು ಸರಿಯೆಂದು ಯಾರು ಹೇಳಿದರು? ಬೇಕಾದ ಉತ್ತರ ಬರುವವರೆಗೆ ತೂಕ ಬದಲಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಎರಡೆರಡು ಆಸ್ಪತ್ರೆಗಳನ್ನೇ ಎದುರುಬದುರು ಇಡಿ. ಇವೆರಡೂ ನಿಮಗೆ ಸೀಟು ಕೊಟ್ಟಿವೆ, ಉಳಿದ ಯಾವುದೂ ಇಲ್ಲ ಎಂದುಕೊಂಡು ಒಂದನ್ನು ಆರಿಸಿ, ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಪ್ರಿಲಿಮಿನರಿ ಸೀಟು ಬಿಟ್ಟು ಉಳಿದ ಏಳು ಹೆಸರುಗಳಿಗೆ ಇದು ಒಂದು ಸಂಜೆಯ ಕೆಲಸ. ಒಂದು ವಾರ ಬಿಟ್ಟು, ಮೊದಲಿನದನ್ನು ನೋಡದೆ ಮತ್ತೊಮ್ಮೆ ಮಾಡಿ. ಎರಡೂ ಬಾರಿ ಒಂದೇ ಉತ್ತರ ಬಂದ ಜೋಡಿಗಳನ್ನು ಮತ್ತೆ ಮುಟ್ಟಬೇಡಿ. ಉತ್ತರ ತಿರುಗಿದ ಜೋಡಿಗಳಿಗಷ್ಟೇ ಇನ್ನೊಂದು ಫೋನ್ ಕರೆ ಬೇಕು. ನೀವು ಬರೆದ ಕಾರಣಗಳಲ್ಲಿ 'ಸಂದರ್ಶನ ಚೆನ್ನಾಗಿತ್ತು' ಎಂಬುದೇ ಹೆಚ್ಚಿದ್ದರೆ ಎಚ್ಚರವಿರಲಿ. ಅವರ ಬೆಳಗಿನಲ್ಲಿ ಆದ ಮಾತು ನಿಮಗೆ ಸಂಜೆ ಏಳರ ಮಾತು, ಅವರ ಮಧ್ಯಾಹ್ನದ ಮಾತು ನಿಮಗೆ ನಡುರಾತ್ರಿ ಒಂದರ ಮಾತು. ನಿದ್ದೆಗಣ್ಣಿನಲ್ಲಿ ಮಾತಾಡಿದ ಆಸ್ಪತ್ರೆ ನೀರಸವಾಗಿ ಕಂಡಿದ್ದರೆ ತಪ್ಪು ಆಸ್ಪತ್ರೆಯದಾಗಿರಲಾರದು.

ಪಟ್ಟಿಯ ತಳಕ್ಕೆ ಬರೋಣ. ಮ್ಯಾಚ್ ಫಲಿತಾಂಶ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ಬಂದ ಸೀಟನ್ನು ಬಿಡಬೇಕಾದರೆ ಎನ್ಆರ್‌ಎಂಪಿಯಿಂದ ವಿನಾಯಿತಿ ಬೇಕು, ಇಲ್ಲದಿದ್ದರೆ ಮುಂದಿನ ಮ್ಯಾಚ್‌ಗಳಿಂದ ಹೊರಗಿಡುವ ಶಿಕ್ಷೆಯಿದೆ. ಸಿಇಟಿಯಂತೆ ಅಣಕು ಸೀಟು ಹಂಚಿಕೆ ಇಲ್ಲ, ಎರಡನೇ ಸುತ್ತಿಲ್ಲ. ಸೀಟು ಸಿಗದವರು ಅದೇ ವಾರ ಉಳಿದ ಸೀಟುಗಳಿಗೆ ಅರ್ಜಿ ಹಾಕುವ ಸೋಪ್ ಎಂಬ ಧಾವಂತದ ಪ್ರಕ್ರಿಯೆ ಇದೆ. ವೀಸಾ ಬೇಕಾದವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅಮೆರಿಕದ ಪ್ರಜೆಗಳಲ್ಲದ, ಹೊರದೇಶದಲ್ಲಿ ಓದಿದ ಪದವೀಧರರಲ್ಲಿ ಮ್ಯಾಚ್ ಆಗುವವರು ಈಚಿನ ವರ್ಷಗಳಲ್ಲಿ 100ಕ್ಕೆ 60ಕ್ಕಿಂತ ಕಡಿಮೆ. ಸಿಗದೆ ಒಂದು ವರ್ಷ ಕಳೆದರೆ ಪದವಿ ಮುಗಿದು ಎಷ್ಟು ವರ್ಷವಾಯಿತು ಎಂಬ ಲೆಕ್ಕವೂ ನಿಮಗೆ ಎದುರಾಗುತ್ತದೆ. ಆದ್ದರಿಂದ ಸಂದರ್ಶನವಾದ ಯಾವುದನ್ನೂ ಸುಲಭವಾಗಿ ಬಿಡಬೇಡಿ. ರೆಸಿಡೆಂಟ್‌ಗಳು ಒಳ್ಳೆಯ ಮಾತಾಡದ ಆ ಆಸ್ಪತ್ರೆಯ ವಿಷಯದಲ್ಲಿ ದೂರು ಏನೆಂದು ಬಿಡಿಸಿ ನೋಡಿ. ಊರು ಬೇಸರದ್ದು, ಪಾಳಿ ಹೆಚ್ಚು, ಕ್ಯಾಂಟೀನ್ ಸರಿಯಿಲ್ಲ ಎಂಬುದಾದರೆ ಕೊನೆಯಲ್ಲಿ ಸೇರಿಸಿ. ಮಾನ್ಯತೆಗೆ ಎಚ್ಚರಿಕೆ ಬಂದಿದೆ, ಜನ ಬಿಟ್ಟುಹೋಗುತ್ತಿದ್ದಾರೆ, ತಪ್ಪಾದಾಗ ಹಿರಿಯರು ಕಿರಿಯರ ಮೇಲೆ ಹೊರಿಸುತ್ತಾರೆ ಎಂಬುದಾದರೆ, ಸೀಟೇ ಇಲ್ಲದ ಒಂದು ವರ್ಷ ಅದಕ್ಕಿಂತ ಮೇಲೇ ಎಂದು ಕೇಳಿಕೊಳ್ಳಿ. ಹೌದೆನಿಸಿದರೆ ಮಾತ್ರ ಬಿಡಿ.

ಪ್ರಿಲಿಮಿನರಿ ಸೀಟು ಎಲ್ಲ ಮೂರು ವರ್ಷದ ಸೀಟುಗಳ ಕೆಳಗಿರಲಿ. ಆ ಒಂದು ವರ್ಷದಲ್ಲಿ ಇಂಟರ್ನ್ ಕೆಲಸದ ನಡುವೆಯೇ ಮತ್ತೆ ಅರ್ಜಿ, ಮತ್ತೆ ಸಂದರ್ಶನ ಎಂದು ಓಡಾಡಬೇಕಾಗುತ್ತದೆ, ವೀಸಾದ ಗಡಿಯಾರವೂ ಜೊತೆಗೇ ಓಡುತ್ತಿರುತ್ತದೆ. ಆದರೂ ಅಮೆರಿಕದ ಆಸ್ಪತ್ರೆಯೊಳಗೆ ಕೆಲಸ ಮಾಡಿದ ಅನುಭವ ಕೈಯಲ್ಲಿರುತ್ತದೆ ಎಂಬ ಕಾರಣಕ್ಕೆ ಪಟ್ಟಿಯಿಂದ ತೆಗೆಯಬೇಡಿ ಎನ್ನುತ್ತೇನೆ.

ನಿಮ್ಮ ಪತ್ರ ಓದಿದ ಮಟ್ಟಿಗೆ ನನ್ನ ಒಲವು ವಿಶ್ವವಿದ್ಯಾಲಯದ ಆಸ್ಪತ್ರೆಯನ್ನು ಮೊದಲು ಬರೆಯುವ ಕಡೆಗಿದೆ. ಅದನ್ನು ಹೇಳುವಾಗ ನೀವು 'ಬಹಳ ಇಷ್ಟವಾಯಿತು' ಎಂದಿದ್ದೀರಿ. ನ್ಯೂಜೆರ್ಸಿಯ ಬಗ್ಗೆ ಇಮೇಲ್ ಮತ್ತು ಚಿಕ್ಕಪ್ಪನ ಮನೆಯ ಮಾತಿದೆ, ಅಲ್ಲಿನ ಕಲಿಕೆಯ ಬಗ್ಗೆ ಒಂದು ಮಾತೂ ಇಲ್ಲ. ಎರಡೂ ಕಡೆ ಒಬ್ಬೊಬ್ಬರಿಗೆ ಫೋನ್ ಮಾಡಿದ ಮೇಲೆ ಇದು ತಿರುಗಿದರೆ ತಿರುಗಲಿ. ನ್ಯೂಜೆರ್ಸಿಯಲ್ಲಿ ಸ್ವಂತ ಹೃದ್ರೋಗ ಫೆಲೋಶಿಪ್ ಇದ್ದು, ವೀಸಾದ ಮೇಲಿದ್ದವರು ಅದಕ್ಕೆ ಆಯ್ಕೆಯಾಗಿದ್ದರೆ ನಾನೂ ನನ್ನ ಮಾತನ್ನು ಬದಲಿಸುತ್ತೇನೆ.

ಸಲ್ಲಿಸುವ ಕೊನೆಯ ದಿನ ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರದ ಬುಧವಾರ, ಅಮೆರಿಕದ ಪೂರ್ವ ವಲಯದ ರಾತ್ರಿ 9 ಗಂಟೆ. ಬೆಂಗಳೂರಿನಲ್ಲಿ ಅದು ಗುರುವಾರ ಬೆಳಗ್ಗೆ 7.30. ಆ ಬೆಳಗಿನವರೆಗೆ ಕಾಯದೆ ಎರಡು ದಿನ ಮೊದಲೇ ಮುಗಿಸಿ. ಹೆಸರುಗಳನ್ನು ಜೋಡಿಸಿ ಉಳಿಸಿದರೆ ಸಾಲದು, ಪಟ್ಟಿಯನ್ನು ದೃಢೀಕರಿಸುವ ಗುಂಡಿಯನ್ನೂ ಒತ್ತಬೇಕು. ಆಮೇಲೆ ಒಂದು ಹೆಸರು ಹಿಂದೆ ಮುಂದೆ ಮಾಡಿದರೂ ಮತ್ತೊಮ್ಮೆ ದೃಢೀಕರಿಸಬೇಕು. ಪ್ರೋಗ್ರಾಂ ಸಂಖ್ಯೆಗಳನ್ನು ಮನೆಯವರೊಬ್ಬರಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಿ. ಒಂದೇ ಆಸ್ಪತ್ರೆಯ ಮೂರು ವರ್ಷದ ಸೀಟಿಗೂ ಪ್ರಿಲಿಮಿನರಿ ಸೀಟಿಗೂ ಬೇರೆ ಬೇರೆ ಸಂಖ್ಯೆಗಳಿರುತ್ತವೆ.